ಹಿಡಿದವನು ಬಿಡುವವರೆಗೆ

ಡೆಲ್ಬರ್ಟ್ ನನ್ನ ಮನೆ ಮುಂದೆ ಗಾಡಿ ನಿಲ್ಲಿಸಿ ಹಾರನ್ ಹೊಡೆದಾಗ ನಾನಿನ್ನೂ ಕಾಫಿ ಕುಡಿಯುತ್ತಿದ್ದೆ. ಹೊಡೆದುಕೊಳ್ಳಲಿ ಎಂದು ಇನ್ನೊಂದು ಲೋಟ ಬಗ್ಗಿಸಿಕೊಂಡೆ. ಅವನ ಮುಖ ನೋಡಬೇಕಲ್ಲ ಎಂದು ಎದ್ದಾಗಿನಿಂದ ಮೈ ಉರಿಯುತ್ತಿತ್ತು. ಅದರ ಮೇಲೆ ಅವನ ಹಾರನ್ನಿಗೆ ಬೇರೆ ಓಡಿಹೋಗಬೇಕೆ?

ನಮ್ಮೂರಿನ ರೋಡಿಯೋ, ಅಂದರೆ ಒದೆಯುವ ಕುದುರೆಗಳ ಸವಾರಿ ಪಂದ್ಯ, ನಡೆಯುವ ಶನಿವಾರ ಬೆಳಿಗ್ಗೆ ನಾವು ನಾಲ್ವರು ಬೆಟ್ಟದ ಮೇಲಿನ ಸರೋವರಕ್ಕೆ ಹೋಗುವುದು ಶಾಲೆಯ ದಿನಗಳಿಂದ ನಡೆದು ಬಂದದ್ದು. ನಾನು, ನನ್ನ ಅಣ್ಣ ಓರಿನ್, ಡೆಲ್ಬರ್ಟ್, ಕೊರೀನ್. ಶುರು ಮಾಡಿದವನು ಓರಿನ್. ಸಂಜೆ ಅಖಾಡದಲ್ಲಿ ದುಡಿಯುವ ಕುದುರೆ ಬೆಳಿಗ್ಗೆ ಸುಮ್ಮನೆ ನಿಂತು ಹುಲ್ಲು ತಿನ್ನಲಿ, ಅದರ ಬದಲು ಮನುಷ್ಯ ಕಾಲು ಸವೆಸಲಿ ಅನ್ನುವುದು ಅವನ ನ್ಯಾಯ. ಈ ವರ್ಷ ಮೂವರೇ. ಫೆಬ್ರವರಿಯಲ್ಲಿ, ಹಿಮದಲ್ಲಿ ದನಗಳಿಗೆ ಹುಲ್ಲು ಹಾಕುತ್ತಿದ್ದ ಓರಿನ್ ಟ್ರ್ಯಾಕ್ಟರಿನ ಚಕ್ರಕ್ಕೆ ಒರಗಿ ಕೂತ. ಮತ್ತೆ ಏಳಲಿಲ್ಲ.

ನಾನು ಬರುವುದಿಲ್ಲ ಎಂದೇ ಹೇಳಿದ್ದೆ. ಕೊರೀನ್ ಬಿಡಲಿಲ್ಲ. ಶಾಲೆಯ ಬಸ್ಸು ಓಡಿಸುವವಳು ಅವಳು. ಬಸ್ಸಿನ ತುಂಬ ಇರುವ ಮಕ್ಕಳನ್ನು ಒಂದೇ ಕೂಗಿಗೆ ಅಡಗಿಸುವ ಗಂಟಲು. ಫೋನಿನಲ್ಲಿ ಮಾತಾಡಿದರೆ ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿಯಬೇಕು.

"ಬರ್ದಿದ್ರೆ ನಾನೇ ಬಂದು ಜುಟ್ಟು ಹಿಡ್ಕೊಂಡು ಎಳ್ಕೊಂಡು ಹೋಗ್ತೀನಿ ಕಣೆ. ಡೆಲ್ಬರ್ಟ್ ನಿನ್ನ ಹತ್ರ ಏನೋ ಮಾತಾಡ್ಬೇಕಂತೆ," ಅಂದಿದ್ದಳು.

"ವರ್ಷವೆಲ್ಲ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೋನಿಗೆ ಇವತ್ತೇನು ಬಂತು?"

"ಅದನ್ನ ಅವನನ್ನೇ ಕೇಳು. ನನ್ನ ಮೇಲ್ಯಾಕೆ ಹಾರ್ತೀಯ?"

ಗಾಡಿಯಲ್ಲಿ ಹಿಂದಿನ ಸೀಟಿನಲ್ಲಿ ಕೂತೆ. ಡೆಲ್ಬರ್ಟ್ ಕನ್ನಡಿಯಲ್ಲಿ ನೋಡಿ, "ಚೆನ್ನಾಗಿದೀಯಾ ಆರ್ಡಿತ್?" ಅಂದ. ನಾನು ಕಿಟಕಿಯ ಕಡೆ ತಿರುಗಿದೆ. ಕೊರೀನ್ ಒಬ್ಬಳೇ ದಾರಿಯುದ್ದಕ್ಕೂ ಮಾತಾಡಿದಳು. ಹುಲ್ಲಿನ ಮೊದಲ ಕೊಯ್ಲು ಮಳೆಗೆ ಸಿಕ್ಕಿದ್ದು, ಅವಳ ಬಸ್ಸಿನ ಬ್ರೇಕು, ಚರ್ಚಿನಲ್ಲಿ ಯಾರೋ ಮಾಡಿದ ಉಪ್ಪಿಲ್ಲದ ಆಲೂಗಡ್ಡೆ.

ಸರೋವರದ ಹತ್ತಿರ ಗಾಡಿ ನಿಲ್ಲಿಸಲು ಜಾಗ ಸಿಗುವುದೇ ಕಷ್ಟವಾಯಿತು. ಜುಲೈ ಬಂದರೆ ಹೀಗೇ. ಬೇರೆ ರಾಜ್ಯಗಳ ಗಾಡಿಗಳು, ಚಪ್ಪಲಿ ಹಾಕಿಕೊಂಡು ಬೆಟ್ಟ ಹತ್ತಲು ಹೊರಟವರು. ನೀರಿನ ಅಂಚಿನ ಪೊದೆಯಲ್ಲಿ ಒಂದು ಹೆಣ್ಣು ಮೂಸ್, ಕುದುರೆಯಷ್ಟು ಎತ್ತರದ ಕಾಡುಜಿಂಕೆ, ಮರಿಯ ಜೊತೆ ನಿಂತಿತ್ತು. ಒಬ್ಬ ಗಂಡಸು ಫೋನು ಹಿಡಿದುಕೊಂಡು ಅದರ ಮೂಗಿನ ಹತ್ತಿರಕ್ಕೇ ಹೋಗುತ್ತಿದ್ದ.

"ಏ, ಅದು ನಿಮ್ಮನೆ ಹಸು ಅಲ್ಲ. ತುಳಿದು ಹಾಕಿದ್ರೆ ನಿನ್ನ ಹೆಣ ಹೊತ್ಕೊಂಡು ಇಳಿಯೋಕೆ ಇಲ್ಲಿ ಯಾರಿಗೂ ಪುರಸೊತ್ತಿಲ್ಲ," ಅಂದೆ.

ಅವನು ಮುಖ ಕೆಂಪಗೆ ಮಾಡಿಕೊಂಡು ಹಿಂದೆ ಸರಿದ. ಕೊರೀನ್ ನನ್ನ ತೋಳು ಹಿಡಿದು, "ಬೆಳಿಗ್ಗೆ ಬೆಳಿಗ್ಗೆನೇ ಶುರು ಮಾಡ್ದೆಯಾ," ಎಂದು ಗೊಣಗಿದಳು.

ನಾನು ಚೀಲ ಬೆನ್ನಿಗೇರಿಸಿದೆ. ಅದರ ಹಿಂದೆ ಓರಿನ್‌ನ ಕಬ್ಬಿಣದ ಬಾಣಲೆ ತೂಗುಹಾಕಿದ್ದೆ. ಪ್ರತಿವರ್ಷ ಅವನು ಅದನ್ನು ಹೊತ್ತು ಬರುತ್ತಿದ್ದ. ಹೆಜ್ಜೆಗೊಮ್ಮೆ ಅವನ ನೀರಿನ ಡಬ್ಬಕ್ಕೆ ತಗುಲಿ ಟಣ್ ಟಣ್ ಅನ್ನುತ್ತಿತ್ತು. ಮೇಲೆ ಜಲಪಾತದ ಹತ್ತಿರ ಟ್ರೌಟ್ ಮೀನು ಹಿಡಿದು ಅದರಲ್ಲೇ ಹುರಿದು ಕೊಡುತ್ತಿದ್ದ.

ಡೆಲ್ಬರ್ಟ್ ಅದನ್ನೇ ನೋಡುತ್ತ ಕೇಳಿದ. "ಮೀನು ಹಿಡಿಯೋನೇ ಇಲ್ಲ. ಬಾಣಲೆ ಯಾಕೆ ತಂದೆ?"

"ಕರಡಿಗೆ," ಅಂದೆ. "ಸದ್ದು ಕೇಳಿದ್ರೆ ಓಡಿಹೋಗತ್ತಲ್ಲ. ನೀನು ಮಾತ್ರ ಹೋಗ್ತಿಲ್ಲ."

ಸರೋವರದ ದಂಡೆಯ ದಾರಿ ಮೊದಲಿಗೆ ಮಟ್ಟಸ, ಪೈನ್ ಮರಗಳ ನೆರಳು. ಆಮೇಲೆ ಬಂಡೆಗಳ ನಡುವೆ ಏರು. ನಾನು ಮುಂದೆ, ಅವರಿಬ್ಬರು ಹಿಂದೆ. ಅರವತ್ತು ದಾಟಿದ ಕಾಲುಗಳಿಗೆ ಅಷ್ಟು ವೇಗ ಬೇಕಿರಲಿಲ್ಲ. ಸಿಟ್ಟಿಗೆ ಬೇಕಿತ್ತು. ಡೆಲ್ಬರ್ಟ್ ಏದುಸಿರು ಬಿಡುವುದು ಕೇಳಿಸುತ್ತಿತ್ತು. ಮೇವಿನ ಅಂಗಡಿಯ ಗಲ್ಲಾಪೆಟ್ಟಿಗೆ ಹಿಂದೆ ಕೂತು ಕೂತು ಬೆಳೆಸಿದ ಹೊಟ್ಟೆ ಅದು. ಬಿಡಲಿ ಏದುಸಿರು ಎಂದು ಇನ್ನೂ ಬಿರುಸಾಗಿ ಹತ್ತಿದೆ.

ಹೋದ ವರ್ಷ ಏನಾಯಿತೆಂದು ಹೇಳಿದರೆ ನನ್ನ ಸಿಟ್ಟು ಯಾರಿಗಾದರೂ ಅರ್ಥವಾಗುತ್ತದೆ.

ಓರಿನ್ ಇಪ್ಪತ್ತು ಚಿಲ್ಲರೆ ವರ್ಷ ನಮ್ಮ ರೋಡಿಯೋದಲ್ಲಿ ಪಿಕಪ್ ಸವಾರನಾಗಿದ್ದ. ಒದೆಯುವ ಕುದುರೆಯ ಮೇಲೆ ಹುಡುಗ ಎಂಟು ಸೆಕೆಂಡು ಕೂತಿದ್ದರೆ ಬಜರ್ ಹೊಡೆಯುತ್ತದೆ. ಕೂತದ್ದೇನೋ ಆಯಿತು, ಇಳಿಯುವುದು ಹೇಗೆ? ಕುದುರೆ ಇನ್ನೂ ಒದೆಯುತ್ತಲೇ ಇರುತ್ತದಲ್ಲ. ಆಗ ಎರಡು ಪಕ್ಕದಿಂದ ಇಬ್ಬರು ಪಿಕಪ್ ಸವಾರರು ಕುದುರೆ ಓಡಿಸಿಕೊಂಡು ಬಂದು ಅದನ್ನು ನಡುವೆ ಹಾಕಿಕೊಳ್ಳುತ್ತಾರೆ. ಹುಡುಗ ಒಬ್ಬನ ಸೊಂಟ ತಬ್ಬಿ ಇತ್ತ ಜಾರಿಕೊಳ್ಳುತ್ತಾನೆ. ಜನ ದುಡ್ಡು ಕೊಟ್ಟು ನೋಡಲು ಬರುವುದು ಇವರನ್ನಲ್ಲ. ಇವರು ಸರಿಯಾಗಿ ಕೆಲಸ ಮಾಡಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಓರಿನ್‌ನ ಕುದುರೆಯ ಹೆಸರು ಡೀಕನ್. ದೊಡ್ಡ ಕಂದು ಕುದುರೆ, ಚರ್ಚಿನ ಹಿರಿಯನ ಹಾಗೆ ಸದಾ ಗಂಭೀರ ಮುಖ. ಅದನ್ನು ಪಳಗಿಸುವಾಗ ಓರಿನ್ ನನ್ನನ್ನು ಅಂಗಳದ ಮಣ್ಣಿನಲ್ಲಿ ಮಲಗಿಸಿ ಬಜರಿನ ಬದಲಿಗೆ ಟ್ರಕ್ಕಿನ ಹಾರನ್ ಹೊಡೆಯುತ್ತಿದ್ದ. ಕುದುರೆ ಓಡಿ ಬಂದು ನನ್ನ ಪಕ್ಕ ನಿಲ್ಲಬೇಕು. ನಾನು ಜೀನಿನ ಪಟ್ಟಿ ಹಿಡಿದು ಏಳಬೇಕು. "ಹಿಡಿದೋನು ಬಿಡೋವರೆಗೂ ನೀನು ಕಲ್ಲು, ತಿಳೀತಾ?" ಎಂದು ಕುದುರೆಗೆ ಪಾಠ ಹೇಳುತ್ತಿದ್ದ. ನಾನು ಬೇಕೆಂದೇ ಬಿಡದೆ ನೇತಾಡಿದರೆ ಅದು ನೊಣ ಕಚ್ಚಿದರೂ ಚರ್ಮ ಅಲುಗಿಸುತ್ತಿರಲಿಲ್ಲ. ಒಂದು ಬೇಸಿಗೆ ಪೂರ್ತಿ ನನ್ನ ತಲೆಗೂದಲಲ್ಲಿ ಮಣ್ಣು.

ಹೋದ ವರ್ಷ ಐಡಾಹೋ ರಾಜ್ಯದ ಒಬ್ಬ ಹುಡುಗನ ಕೈ ಕುದುರೆಯ ಪಟ್ಟಿಯಲ್ಲಿ ಸಿಕ್ಕಿಕೊಂಡಿತು. ಬಜರ್ ಹೊಡೆಯಿತು. ಓರಿನ್ ತನ್ನ ಪಕ್ಕದಿಂದ ನುಗ್ಗಿದ. ಇನ್ನೊಂದು ಪಕ್ಕದಿಂದ ಬರಬೇಕಾದವನು ಬರಲಿಲ್ಲ. ಓರಿನ್ ಒಬ್ಬನೇ ಹೆಣಗಿ ಆ ಕೈ ಬಿಡಿಸಿದ. ಆದರೆ ತಡೆಯುವವರಿಲ್ಲದೆ ಕುದುರೆ ಆ ಕಡೆ ತಿರುಗಿ ಹುಡುಗನ ಕಾಲು ತುಳಿದು ಮುರಿಯಿತು. ಬರದೇ ಇದ್ದವನು ಕೋಲ್ಟರ್, ಡೆಲ್ಬರ್ಟ್‌ನ ಅಳಿಯ. ಡೆಲ್ಬರ್ಟ್ ರೋಡಿಯೋ ಸಮಿತಿಯ ಅಧ್ಯಕ್ಷ. ಮಾರನೆಯ ಬೆಳಿಗ್ಗೆ ಸಮಿತಿ ಸೇರಿ, ಓರಿನ್‌ಗೆ ವಯಸ್ಸಾಯಿತು, ಕೈ ಜಾರಿತು, ಇನ್ನು ಬರುವುದು ಬೇಡ ಎಂದು ತೀರ್ಮಾನಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಓರಿನ್ ತುಟಿ ಪಿಟಕ್ಕೆನ್ನಲಿಲ್ಲ. ನಾನು ಕೂಗಾಡಿದರೆ, "ಕೋಲ್ಟರ್ ಇನ್ನೂ ಚಿಕ್ಕೋನು ಕಣೆ, ಅವನು ಮುಂದೆ ಬದುಕ್ಬೇಕು," ಅಂದ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಆ ಬಂಗಾರದಿಂದ ಅವನಿಗೆ ಸಿಕ್ಕಿದ್ದೇನು? ಪೆಟ್ರೋಲ್ ಬಂಕಿನಲ್ಲಿ, ಕಟಿಂಗ್ ಶಾಪಿನಲ್ಲಿ ಜನ ಅವನ ಬೆನ್ನ ಹಿಂದೆ, ಆ ಹುಡುಗನ ಕಾಲು ಮುರಿಸಿದವನು ಇವನೇ ಅನ್ನುತ್ತಿದ್ದರು. ಆ ಮಾತು ಹೊತ್ತುಕೊಂಡೇ ಅವನು ಸತ್ತ. ಅವನ ಹೆಸರಿನ ಮೇಲಿನ ಆ ಮಸಿ ಒರೆಸದೆ ನನಗೆ ನಿದ್ದೆ ಇಲ್ಲ.

ಜಲಪಾತದ ಕೆಳಗೆ, ನೀರಿಗೆ ಚಾಚಿದ ಚಪ್ಪಟೆ ಬಂಡೆಯ ಮೇಲೆ ಕೂತೆವು. ನಮ್ಮ ಹಳೆಯ ಜಾಗ. ಕೊರೀನ್ ಕಟ್ಟಿ ತಂದಿದ್ದ ಬ್ರೆಡ್ಡು, ಹಂದಿ ಮಾಂಸದ ಹೋಳು ಬಿಚ್ಚಿದಳು. ಡೆಲ್ಬರ್ಟ್ ಟೋಪಿ ತೆಗೆದು ಮಂಡಿಯ ಮೇಲಿಟ್ಟು ಗಂಟಲು ಸರಿಮಾಡಿಕೊಂಡ.

"ಆರ್ಡಿತ್, ಇವತ್ತು ಸಂಜೆ ಓರಿನ್ ಹೆಸರಲ್ಲಿ ಖಾಲಿ ಜೀನಿನ ಕುದುರೆ ನಡೆಸ್ಬೇಕು ಅಂತ ಸಮಿತಿಯೋರು ಅಂದ್ಕೊಂಡಿದಾರೆ. ಡೀಕನ್‌ನ ಕೊಡ್ತೀಯಾ?"

ನಮ್ಮಲ್ಲಿ ರೋಡಿಯೋದವನು ಸತ್ತರೆ ಮಾಡುವ ಮರ್ಯಾದೆ ಅದು. ಅವನ ಕುದುರೆಗೆ ಅವನದೇ ಜೀನು ಹಾಕಿ, ಅವನ ಬೂಟುಗಳನ್ನು ಕಾಲಿಡುವ ರಿಕಾಪಿನಲ್ಲಿ ಹಿಂದುಮುಂದಾಗಿ ಸಿಕ್ಕಿಸಿ, ಅಖಾಡದಲ್ಲಿ ಒಂದು ಸುತ್ತು ನಡೆಸುತ್ತಾರೆ. ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

"ಯಾವ ಬಾಯಲ್ಲಿ ಕೇಳ್ತೀಯೋ?" ಅಂದೆ. "ಬದುಕಿದ್ದಾಗ ಗೇಟಿನಿಂದ ಆಚೆ ಹಾಕಿ, ಈಗ ಅವನ ಬೂಟಿಗೆ ಮೆರವಣಿಗೆನಾ?"

"ಊರೋರೆಲ್ಲ ಕೇಳ್ತಿದಾರೆ ಕಣೆ."

"ಊರೋರು ಕೇಳೋದಾದ್ರೆ, ಅವನ ಕೈ ಜಾರ್ಲಿಲ್ಲ ಅಂತ ಊರೋರಿಗೆ ಮೊದ್ಲು ಹೇಳು. ನೀನು ನೋಡ್ಲಿಲ್ಲ ಅಂತೀಯಲ್ಲ, ನೋಡಿದೋರನ್ನ ನಾನು ಕರ್ಕೊಂಡು ಬರ್ತೀನಿ."

ಡೆಲ್ಬರ್ಟ್ ಟೋಪಿಯ ಅಂಚನ್ನು ಬೆರಳಲ್ಲಿ ಸುತ್ತುತ್ತ ನೀರನ್ನೇ ನೋಡುತ್ತಿದ್ದ. "ಯಾರನ್ನೂ ಕರೀಬೇಡ," ಅಂದ. "ನಾನು ನೋಡ್ದೆ."

"ಏನು ನೋಡ್ದೆ?"

"ಕೋಲ್ಟರ್ ಬೇಲಿ ಹತ್ರ ಇದ್ದ. ಯಾರಿಗೋ ಟೋಪಿ ಬೀಸ್ತಾ ನಿಂತಿದ್ದ. ಬಜರ್ ಹೊಡೆದಿದ್ದೂ ಅವನಿಗೆ ಗೊತ್ತಾಗ್ಲಿಲ್ಲ."

ಕೊರೀನ್ ಕೈಯಲ್ಲಿದ್ದ ಬ್ರೆಡ್ಡು ಹಾಗೇ ನಿಂತಿತು. ಇಷ್ಟು ದಿನ ನಾನು ಡೆಲ್ಬರ್ಟ್‌ನನ್ನು ಪೆದ್ದ ಅಂದುಕೊಂಡಿದ್ದೆ. ಬೇರೆ ಕಡೆ ನೋಡುತ್ತಿದ್ದ, ಅಳಿಯ ಹೇಳಿದ್ದನ್ನು ನಂಬಿದ, ಅಷ್ಟೇ ಅಂದುಕೊಂಡಿದ್ದೆ. ಬೈಯುತ್ತಿದ್ದೆ, ಆದರೆ ಪೆದ್ದನನ್ನು ಬೈದ ಹಾಗೆ ಬೈಯುತ್ತಿದ್ದೆ. ಇವನು ಕಣ್ಣಾರೆ ಕಂಡಿದ್ದ. ಕಂಡು, ರಾತ್ರಿಯೆಲ್ಲ ಯೋಚಿಸಿ, ಬೆಳಿಗ್ಗೆ ಎದ್ದು ಮುಖ ತೊಳೆದುಕೊಂಡು ಬಂದು ನನ್ನ ಅಣ್ಣನ ತಲೆಗೆ ಕಟ್ಟಿದ್ದ. ಓರಿನ್‌ನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಇವನೂ ಒಬ್ಬ.

ಬಾಣಲೆ ಎತ್ತಿ ಬಂಡೆಗೆ ಅಪ್ಪಳಿಸಿದೆ. ಆ ಸದ್ದು ಆಚೆ ದಡದ ಬಂಡೆಗೋಡೆಗೆ ಬಡಿದು ತಿರುಗಿ ಬಂತು. ದೋಣಿಯಲ್ಲಿದ್ದ ಒಂದು ಸಂಸಾರ ಹುಟ್ಟು ನಿಲ್ಲಿಸಿ ನಮ್ಮ ಕಡೆ ನೋಡಿತು. ಅಷ್ಟಕ್ಕೆ ಸಿಟ್ಟು ಇಳಿಯಲಿಲ್ಲ. ಡೆಲ್ಬರ್ಟ್‌ನ ಮಂಡಿಯ ಮೇಲಿದ್ದ ಟೋಪಿ ಕಿತ್ತುಕೊಂಡು ಸರೋವರಕ್ಕೆ ಎಸೆದೆ.

ಇನ್ನೊಬ್ಬನ ಟೋಪಿ ಮುಟ್ಟಿದರೆ ನಮ್ಮ ಕಡೆ ಹಲ್ಲು ಉದುರುತ್ತವೆ. ಡೆಲ್ಬರ್ಟ್ ಕೈ ಎತ್ತಲಿಲ್ಲ. ಎದ್ದು, ಬೂಟು ಬಿಚ್ಚಿ, ನೀರಿಗಿಳಿದ. ಜುಲೈಯಲ್ಲೂ ಅದು ಹಿಮ ಕರಗಿದ ನೀರು. ಸೊಂಟದವರೆಗೆ ಹೋಗಿ, ಹಲ್ಲು ಕಟಕಟ ಅನ್ನಿಸುತ್ತ, ಟೋಪಿ ಹಿಡಿದುಕೊಂಡು ವಾಪಸ್ ಬಂದ.

"ಶೆಲ್ಬಿ ಆಗ ತಾನೆ ಮದುವೆ ಆಗಿದ್ಲು," ಅಂದ. ಶೆಲ್ಬಿ ಅವನ ಒಬ್ಬಳೇ ಮಗಳು, ಕೋಲ್ಟರ್‌ನ ಹೆಂಡತಿ. "ಗಂಡನ ಹೆಸರು ಹಾಳಾದ್ರೆ ಅವಳ ಗತಿ ಏನು ಅನ್ನಿಸ್ತು."

"ನನ್ನಣ್ಣನ ಹೆಸರು ಹಾಳಾದ್ರೆ ಪರ್ವಾಗಿಲ್ಲ ಅನ್ನಿಸ್ತು."

"ಓರಿನ್ ತಡ್ಕೋತಾನೆ ಅನ್ನಿಸ್ತು."

ಅದು ನಿಜ. ಅದಕ್ಕೇ ನನ್ನ ಸಿಟ್ಟು ಇನ್ನಷ್ಟು ಏರಿತು.

"ಕುದುರೆ ಕೊಡ್ತೀನಿ," ಅಂದೆ. "ಇವತ್ತು ಸಂಜೆ, ಮೈಕಲ್ಲಿ, ಎಲ್ಲರ ಮುಂದೆ ನೀನು ಈಗ ಹೇಳಿದ್ದನ್ನ ಹೇಳ್ಬೇಕು. ಓರಿನ್ ತಪ್ಪಿಲ್ಲ, ಕೋಲ್ಟರ್ ಬರ್ಲಿಲ್ಲ, ನಾನು ನೋಡ್ದೆ. ಅಷ್ಟೇ. ಹೇಳ್ತೀಯಾ ಇಲ್ವಾ?"

ಅವನು ಟೋಪಿಯ ನೀರು ಹಿಂಡಿದ. ಆಮೇಲೆ ಒದ್ದೆ ಕೈ ಚಾಚಿದ. "ಹೇಳ್ತೀನಿ."

"ನಾನಿದೀನಿ ಸಾಕ್ಷಿ," ಅಂದಳು ಕೊರೀನ್. ಅವಳ ದನಿ ಮೊದಲ ಸಲ ಸಣ್ಣಗಿತ್ತು. ಕೈ ಕುಲುಕಿದೆವು. ನಮ್ಮ ಅಪ್ಪಂದಿರು ದನ ಮಾರಿದ್ದು, ಜಮೀನಿನ ಗಡಿ ಹಾಕಿದ್ದು ಎಲ್ಲ ಹೀಗೇ. ಆ ಕೈಯನ್ನು ನಾನು ನಂಬಿದೆ.

ಇಳಿಯುವಾಗ ಮಧ್ಯಾಹ್ನದ ಗುಡುಗು ಮಳೆ ಹಿಡಿದು ಮೂವರನ್ನೂ ತೋಯಿಸಿ ಬಿಟ್ಟಿತು. ಬಾಣಲೆ ಒಂದೇ ಟಣ್ ಟಣ್ ಅನ್ನುತ್ತಿತ್ತು.

ಸಂಜೆ ಅಖಾಡದ ಹಿಂದೆ ಡೀಕನ್‌ಗೆ ನಾನೇ ಮೈ ತಿಕ್ಕಿದೆ, ಜೀನು ಬಿಗಿದೆ. ಓರಿನ್‌ನ ಬೂಟುಗಳನ್ನು ರಿಕಾಪಿನಲ್ಲಿ ಹಿಂದುಮುಂದಾಗಿ ಸಿಕ್ಕಿಸಿದೆ. ಎಡಗಾಲಿನ ಹಿಮ್ಮಡಿ ಒಂದು ಕಡೆ ಸವೆದಿತ್ತು. ಹೊಸ ಹಿಮ್ಮಡಿ ಹಾಕಿಸಿಕೋ ಎಂದು ಎಷ್ಟು ಸಲ ಬೈದಿದ್ದೆನೋ. ಕುದುರೆ ಕಿವಿ ನಿಮಿರಿಸಿ ಅಖಾಡದ ಕಡೆಯೇ ನೋಡುತ್ತಿತ್ತು. ಒಂದು ವರ್ಷ ಅದನ್ನೂ ಕೆಲಸದಿಂದ ತೆಗೆದಿದ್ದರಲ್ಲ.

ಡೆಲ್ಬರ್ಟ್ ಬಂದು ಹಗ್ಗ ತೆಗೆದುಕೊಂಡ. ಒಣ ಬಟ್ಟೆ ಹಾಕಿದ್ದ, ಟೋಪಿ ಮಾತ್ರ ಅದೇ. ಒಣಗುವಾಗ ಸುಕ್ಕಾಗಿ ಅಂಚು ಹಂಚಿಕಡ್ಡಿ ಪೊರಕೆಯ ಹಾಗೆ ಬಾಗಿತ್ತು.

"ನೆನಪಿದೆ ತಾನೆ?" ಅಂದೆ.

"ಇದೆ."

ನಾನು, ಕೊರೀನ್ ಬೇಲಿಗೆ ಅಂಟಿಕೊಂಡು ನಿಂತೆವು. ಮೆಟ್ಟಿಲುಗಳ ತುಂಬ ಜನ, ಹುರಿದ ಈರುಳ್ಳಿಯ ವಾಸನೆ, ಬೀರು. ಬಾವುಟ ಹಿಡಿದ ಹುಡುಗಿ ಕುದುರೆ ಓಡಿಸಿ ಹೋದಳು, ರಾಷ್ಟ್ರಗೀತೆ ಆಯಿತು. ಆಮೇಲೆ ಡೆಲ್ಬರ್ಟ್ ಡೀಕನ್‌ನನ್ನು ನಡೆಸಿಕೊಂಡು ಬಂದ. ಒಂದು ಸುತ್ತು. ಖಾಲಿ ಜೀನು, ತಿರುಗಿದ ಬೂಟು. ಗಂಡಸರು ಟೋಪಿ ತೆಗೆದರು, ಹೆಂಗಸರು ಮೂಗೊರೆಸಿಕೊಂಡರು. ಆಚೆ ಬೇಲಿಯ ಹತ್ತಿರ ಕೋಲ್ಟರ್ ತನ್ನ ಹೊಸ ಕುದುರೆಯ ಮೇಲೆ ಕೂತಿದ್ದ, ಎದೆಯ ಮೇಲೆ ಟೋಪಿ ಹಿಡಿದು, ಸಂತನ ಹಾಗೆ.

ಡೆಲ್ಬರ್ಟ್ ನಡುವೆ ನಿಂತು ಮೈಕು ಬಾಯಿಗೆ ಹಿಡಿದ. "ಓರಿನ್ ನನ್ನ ಸ್ನೇಹಿತ. ಶಾಲೆಯಿಂದ ಸ್ನೇಹಿತ. ಈ ಅಖಾಡದಲ್ಲಿ ಎಷ್ಟು ಹುಡುಗರನ್ನ ಎತ್ತಿದ್ನೋ ಲೆಕ್ಕ ಇಲ್ಲ."

ಹೇಳು, ಅಂದುಕೊಂಡೆ.

"ಹೋದ ವರ್ಷ..." ಅಂದ. ತಲೆ ಎತ್ತಿ ಮೆಟ್ಟಿಲುಗಳ ಕಡೆ ನೋಡಿದ. ಎರಡನೇ ಸಾಲಿನಲ್ಲಿ ಶೆಲ್ಬಿ ಕೂತಿದ್ದಳು, ತುಂಬಿದ ಬಸುರಿ, ಎರಡು ಕೈಯೂ ಹೊಟ್ಟೆಯ ಮೇಲೆ. ಡೆಲ್ಬರ್ಟ್ ಉಗುಳು ನುಂಗಿದ್ದು ಮೈಕಿನಲ್ಲಿ ಕೇಳಿಸಿತು. "ಹೋದ ವರ್ಷದವರೆಗೂ, ತನ್ನ ಕೊನೇ ದಿನದವರೆಗೂ, ಈ ರೋಡಿಯೋಗೆ ನಿಷ್ಠೆಯಿಂದ ದುಡಿದ. ಬನ್ನಿ, ಅವನಿಗಾಗಿ ಎಂಟು ಸೆಕೆಂಡು ಮೌನ. ಬಜರ್ ಹೊಡೆಯೋವರೆಗೂ."

"ಅಯ್ಯೋ ಪಾಪಿ," ಅಂದಳು ಕೊರೀನ್ ಹಲ್ಲು ಕಚ್ಚಿ.

ನನ್ನ ಬಾಯಿ ತೆರೆದಿತ್ತು. ಆದರೆ ಇಡೀ ಊರು ತಲೆ ತಗ್ಗಿಸಿ ನಿಂತಿತ್ತು. ಒಂದು ಮಗು ಕೂಡ ಪಿಸುಗುಟ್ಟಲಿಲ್ಲ. ನನ್ನ ಅಣ್ಣನ ಹೆಸರಿನ ಮೌನ ಅದು, ಅದನ್ನು ನಾನೇ ಮುರಿಯಲೆ? ಎಷ್ಟು ಚೆನ್ನಾಗಿ ನನ್ನ ಬಾಯಿ ಕಟ್ಟಿದ ನೋಡಿ. ಡೆಲ್ಬರ್ಟ್ ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಆ ಸುಕ್ಕು ಟೋಪಿ ಹಿಡಿದುಕೊಂಡಿದ್ದ. ಕುದುರೆಯ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡಿದ್ದ. ಹಾಗೆ ಸುತ್ತಿಕೊಂಡ ಚಿಕ್ಕ ಮಕ್ಕಳಿಗೆ ನಾವು ತಲೆಯ ಮೇಲೆ ಮೊಟಕುತ್ತೇವೆ.

ಆಗ ಬಜರ್ ಹೊಡೆಯಿತು.

ಇಷ್ಟು ಜನ ಕುದುರೆಯವರಿರುವ ಊರಿನಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಎಲ್ಲರಿಗೂ ಆ ಬಜರ್ ಮೌನ ಮುಗಿಯಿತು ಎಂದು. ಡೀಕನ್‌ಗೆ ಅದು ಕೆಲಸ ಶುರು ಎಂದು. ನಿಂತಲ್ಲಿಂದಲೇ ಹಾರಿತು. ಡೆಲ್ಬರ್ಟ್ ಮುಗ್ಗರಿಸಿ ಬಿದ್ದ, ಕುದುರೆ ಅವನನ್ನು ಹೊಟ್ಟೆಯ ಮೇಲೆ ನಾಲ್ಕಾರು ಮಾರು ಎಳೆದುಕೊಂಡು ಹೋಯಿತು, ಆಮೇಲೆ ಹಗ್ಗ ಕೈಯಿಂದ ಕಿತ್ತು ಬಂತು. ಕುದುರೆ ಅಖಾಡದ ನಡುವಿಗೆ ಓಡಿ ನಿಂತು ಸುತ್ತ ನೋಡಿತು. ಒದೆಯುವ ಕುದುರೆ ಎಲ್ಲೂ ಇಲ್ಲ. ಅತ್ತ ಓಡಿತು, ಇತ್ತ ಓಡಿತು. ಓರಿನ್‌ನ ಬೂಟುಗಳು ಎರಡೂ ಪಕ್ಕ ಬಡಿದಾಡುತ್ತಿದ್ದವು. ಅದು ಎತ್ತಬೇಕಾದವನನ್ನು ಹುಡುಕುತ್ತಿತ್ತು.

ಮಣ್ಣಿನಲ್ಲಿ ಬಿದ್ದಿದ್ದವನು ಒಬ್ಬನೇ. ಡೀಕನ್ ಅವನನ್ನು ಕಂಡಿತು, ನೇರವಾಗಿ ಬಂತು, ಪಕ್ಕ ಕೊಟ್ಟು ನಿಂತಿತು. ಡೆಲ್ಬರ್ಟ್ 'ಬೇಡ' ಅನ್ನುವ ಹಾಗೆ ಕೈ ಎತ್ತಿದ. ಆದರೆ ಆ ಕೈ ಜೀನಿನ ಪಟ್ಟಿ ಹಿಡಿಯಿತು. ಹಿಡಿದು, ಒಂದು ಮಂಡಿ, ಇನ್ನೊಂದು ಮಂಡಿ, ಎದ್ದು ನಿಂತ. ಮುಖವೆಲ್ಲ ಮಣ್ಣು.

ಜನ ಚಪ್ಪಾಳೆ ತಟ್ಟಿದರು. ಇದೂ ಕಾರ್ಯಕ್ರಮದಲ್ಲೇ ಇತ್ತು ಅಂದುಕೊಂಡರೋ ಏನೋ. ಕೆಲವರು ಎದ್ದು ನಿಂತು ಅತ್ತರು. ಆ ಚಪ್ಪಾಳೆ ಕೇಳಿದ್ದೇ ತಡ, ನಾನು ಬೇಲಿ ಹತ್ತಿ ಒಳಗೆ ಧುಮುಕಿದೆ. ಕೊರೀನ್, "ಹೋಗು, ಹೋಗು," ಅಂದಳು ಹಿಂದಿನಿಂದ.

ಮಣ್ಣಿನಲ್ಲಿ ಬಿದ್ದಿದ್ದ ಮೈಕು ಎತ್ತಿಕೊಂಡೆ. ಡೆಲ್ಬರ್ಟ್ ನನ್ನನ್ನು ನೋಡಿ, "ಆರ್ಡಿತ್, ಮೈಕ್ ಆನ್ ಇದೆ," ಅಂದ ಮೆಲ್ಲಗೆ. ಆ ಮೆಲುದನಿ ನಾಲ್ಕೂ ಕಂಬಗಳ ಸ್ಪೀಕರುಗಳಿಂದ ಕೇಳಿಸಿತು.

"ಇರ್ಲಿ," ಅಂದೆ. ಚಪ್ಪಾಳೆ ನಿಂತಿತು. "ಬೆಳಿಗ್ಗೆ ಕೈ ಕುಲುಕಿದ್ದು ನೆನಪಿದೆಯಾ?"

ಅವನು ತಲೆಯಾಡಿಸಿದ.

"ಬಾಯಿಬಿಟ್ಟು ಹೇಳು."

"ನೆನಪಿದೆ."

"ಹೋದ ವರ್ಷ ಆ ಹುಡುಗನ ಕೈ ಸಿಕ್ಕಿಕೊಂಡಾಗ ಓರಿನ್ ಎಲ್ಲಿದ್ದ?"

"ಅವನ ಪಕ್ಕದಲ್ಲಿ. ಇರ್ಬೇಕಾದ ಕಡೆ."

"ಇನ್ನೊಂದು ಪಕ್ಕ ಯಾರಿರ್ಬೇಕಿತ್ತು?"

ಅವನ ಕಣ್ಣು ಎರಡನೇ ಸಾಲಿಗೆ ಹೋಯಿತು.

"ಮಗಳನ್ನ ನೋಡ್ಬೇಡ," ಅಂದೆ. "ಏನು ಹಿಡ್ಕೊಂಡು ನಿಂತಿದೀಯೋ ಅದನ್ನ ನೋಡ್ಕೊಂಡು ಹೇಳು."

ಅವನು ನೋಡಿದ. ಓರಿನ್‌ನ ಬೂಟು ಅವನ ಪಕ್ಕೆಗೆ ತಾಗಿಕೊಂಡೇ ಇತ್ತು, ಆ ಸವೆದ ಹಿಮ್ಮಡಿ.

"ಕೋಲ್ಟರ್," ಅಂದ. "ಕೋಲ್ಟರ್ ಇರ್ಬೇಕಿತ್ತು. ಅವನು ಬೇಲಿ ಹತ್ರ ಇದ್ದ. ನಾನು ನೋಡ್ದೆ. ನೋಡಿನೂ ಓರಿನ್ ಮೇಲೆ ಹಾಕ್ದೆ. ಓರಿನ್ ಕೈ ಜಾರ್ಲಿಲ್ಲ. ಅವನೊಬ್ಬ ನುಗ್ಗದೇ ಇದ್ದಿದ್ರೆ ಆ ಹುಡುಗನ ಕಾಲು ಮುರಿಯೋದಲ್ಲ, ಜೀವನೇ ಹೋಗ್ತಿತ್ತು. ಓರಿನ್ ಕೊನೇ ದಿನದವರೆಗೂ ಇಲ್ಲಿ ದುಡೀಲಿಲ್ಲ. ನಾನು ದುಡಿಯೋಕೆ ಬಿಡ್ಲಿಲ್ಲ."

ಯಾರೂ ಕೆಮ್ಮಲಿಲ್ಲ. ಆಚೆ ಕೋಲ್ಟರ್ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡ. ಶೆಲ್ಬಿ ಗಂಡನ ಕಡೆ ನೋಡಲಿಲ್ಲ, ಅಪ್ಪನ ಕಡೆಯೂ ನೋಡಲಿಲ್ಲ. ಈ ಮೌನ ಮುಗಿಸಲು ಬಜರ್ ಹೊಡೆಯುವ ಧೈರ್ಯ ಯಾರಿಗೂ ಬರಲಿಲ್ಲ.

ನನಗೆ ಬೇಕಾದದ್ದು ಸಿಕ್ಕಿತ್ತು. ಎದೆ ಹಗುರವಾಗುತ್ತದೆ ಅಂದುಕೊಂಡಿದ್ದೆ. ಎಲ್ಲಿ? ಓರಿನ್ ಇದನ್ನು ಕೇಳಲಿಲ್ಲವಲ್ಲ. ಮೈಕನ್ನು ಮಣ್ಣಿಗೆ ಬಿಸಾಡಿ, ಡೀಕನ್‌ನ ಹಗ್ಗ ಹಿಡಿದು ಗೇಟಿನ ಕಡೆ ಎಳೆದೆ. ಕುದುರೆ ಬರಲಿಲ್ಲ. ಮತ್ತೆ ಎಳೆದೆ. ಕದಲಲಿಲ್ಲ.

ತಿರುಗಿ ನೋಡಿದರೆ ಡೆಲ್ಬರ್ಟ್ ಇನ್ನೂ ಜೀನಿನ ಪಟ್ಟಿ ಹಿಡಿದುಕೊಂಡೇ ಇದ್ದ.

"ಬಿಡೋ," ಅಂದೆ.

"ಬಿಟ್ರೆ ಬೀಳ್ತೀನಿ ಕಣೆ. ಮಂಡಿ ನಿಲ್ತಿಲ್ಲ."

"ಬೀಳು."

ಅವನು ಬಿಡಲಿಲ್ಲ. ಅವನಿಗೆ ಆಗುತ್ತಿರಲಿಲ್ಲ. ನಾನು ಎರಡೂ ಕೈಯಲ್ಲಿ ಹಗ್ಗ ಹಿಡಿದು, ಹಿಮ್ಮಡಿ ಊರಿ, ಇದ್ದಬದ್ದ ಬಲವೆಲ್ಲ ಹಾಕಿ ಎಳೆದೆ. ಡೀಕನ್ ನನ್ನನ್ನು ತನ್ನ ಗಂಭೀರ ಮುಖದಿಂದ ನೋಡುತ್ತ ಕಲ್ಲಿನ ಹಾಗೆ ನಿಂತಿತ್ತು. ಹಿಡಿದವನು ಬಿಡುವವರೆಗೆ ಎಂದು ಓರಿನ್ ಅದಕ್ಕೆ ಕಲಿಸಿದ್ದ. ಹಿಡಿದವನು ಯಾರು, ಏನು ಮಾಡಿದವನು ಎಂದು ನೋಡಲು ಕಲಿಸಿರಲಿಲ್ಲ. ಡೆಲ್ಬರ್ಟ್ ಮೇಲೆ, ಆ ಕುದುರೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ನನ್ನ ಹಾಳು ಅಣ್ಣನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಊರಿಗೆ ಊರೇ ನೋಡುತ್ತಿತ್ತು. ಹಗ್ಗ ಸಡಿಲ ಬಿಟ್ಟು, ಡೆಲ್ಬರ್ಟ್‌ನ ಮಂಡಿ ನಿಲ್ಲುವವರೆಗೆ ನಾನೂ ಅಲ್ಲೇ ನಿಂತೆ.